ಹಳೆ ಟರ್ಬೊ ಹ್ಯಾಚ್‌ಬ್ಯಾಕ್ ದಿನಾ ಓಡಿಸಬಹುದಾ? ಶಿವಣ್ಣನ್ನ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಇವತ್ತು ಸಂಜೆ ತುಮಕೂರಿನ ಅಂತರಸನಹಳ್ಳಿ ಗ್ಯಾರೇಜಿನ ಶಿವಣ್ಣ ಗುಂಪಲ್ಲಿ ಇರ್ತಾರೆ. ವಿಷಯ: ಪೋಲೊ ಜಿಟಿ, ಬಲೆನೊ ಆರ್‌ಎಸ್, ಅಬಾರ್ತ್ ಪುಂಟೊ ಥರದ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು ದಿನಾ ಓಡಾಡೋದು. ಒಬ್ರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ. ವಾಯ್ಸ್ ನೋಟ್ ಹಾಕ್ಬೇಡಿ, ಗ್ಯಾರೇಜ್ ಗಲಾಟೆಲಿ ಅವ್ರಿಗೆ ಕೇಳ್ಸಲ್ಲ.

ರವಿ, ಗುಬ್ಬಿ: ಶಿವಣ್ಣ, ಪೋಲೊ ಜಿಟಿ ಟಿಎಸ್‌ಐ, ಆ ಟರ್ಬೊ ಪೆಟ್ರೋಲ್‌ದು, ಮೈಲೇಜ್ ಎಷ್ಟು ಕೊಡುತ್ತೆ?

ಶಿವಣ್ಣ: ನಮಸ್ಕಾರ ಎಲ್ರಿಗೂ. ರವಿ, ಹೈವೇಲಿ ಸಮಾಧಾನವಾಗಿ ಹೋದ್ರೆ 15-16. ಬಿ.ಎಚ್. ರಸ್ತೇಲಿ ಸಂಜೆ ಹೊತ್ತು ಓಡಿಸಿದ್ರೆ 10 ಬಂದ್ರೆ ಪುಣ್ಯ. ಕಾಲು ಹೇಳಿದ ಹಾಗೆ ಲೆಕ್ಕ.

ಪ್ರವೀಣ, ಬಟವಾಡಿ: ಅಣ್ಣ, 2014ರ ಪೋಲೊ ಜಿಟಿ ಟಿಎಸ್‌ಐ ಒಂದು ನೋಡಿದೀನಿ. ಕೆಎ 06, ಎರಡನೇ ಓನರ್, 82 ಸಾವಿರ ಕಿ.ಮೀ. ನನ್ನ ಕೆಲಸ ಪೀಣ್ಯದಲ್ಲಿ, ದಿನಾ ಹೋಗಿ ಬರಬೇಕು. ಬೆಳಿಗ್ಗೆ ಓಡಿಸಿ ನೋಡ್ದಾಗ ಬೆಣ್ಣೆ ಹಂಗಿತ್ತು. ಮಧ್ಯಾಹ್ನ ಮತ್ತೆ ಕೇಳಿ ತಗೊಂಡು ನೆಲಮಂಗಲದ ತನಕ ಹೋದೆ, ಅಲ್ಲಿ ಟ್ರಾಫಿಕ್‌ನಲ್ಲಿ ತುಂಬಾ ಹೊತ್ತು ತೆವಳಿ ವಾಪಸ್ ಬಂದೆ. ಮಾರೋರ ಮನೆ ಮುಂದೆ ರ‍್ಯಾಂಪ್ ಹತ್ತಿಸೋಕೆ ರಿವರ್ಸ್ ಹಾಕಿದ್ರೆ ಗಾಡಿ ಅಲ್ಲಾಡ್ಲಿಲ್ಲ. ಎಂಜಿನ್ ರೇಸ್ ಆಗ್ತಿದೆ, ಗಾಡಿ ನಿಂತೇ ಇದೆ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದ್ರೆ ಸಲೀಸಾಗಿ ಬಂತು. ಅವ್ರು "ಬ್ಯಾಟರಿ ವೀಕು, ಹೊಸದು ಹಾಕಿಸಿಕೊಡ್ತೀನಿ" ಅಂತಿದಾರೆ. ನಾಳೆ ಅಡ್ವಾನ್ಸ್ ಕೊಡ್ಬೇಕು.

ಸುಮಾ, ಶೆಟ್ಟಿಹಳ್ಳಿ: ಸರ್, 2017ರ ಬಲೆನೊ ಆರ್‌ಎಸ್ ಪರಿಚಯದವರು ಮಾರ್ತಿದಾರೆ. ಮ್ಯಾನ್ಯುಯಲ್. ನಾನು ದಿನಾ ಗುಬ್ಬಿಗೆ ಕಾಲೇಜಿಗೆ ಪಾಠ ಮಾಡೋಕೆ ಹೋಗ್ಬೇಕು. ಏನು ನೋಡ್ಬೇಕು?

ಚೇತನ್, ತಿಪಟೂರು: ಸರ್ ಜಿಟಿ ಟಿಎಸ್‌ಐ ಮೈಲೇಜ್?

ಶಿವಣ್ಣ: ಚೇತನ್, ಮೇಲೆ ಹೇಳಿದೀನಿ.

ಸುಮಾ ಮೇಡಂ, ಒಳ್ಳೆ ಗಾಡಿ. 1.0 ಲೀಟರ್ ಟರ್ಬೊ, 102 ಪಿಎಸ್ ಪವರ್, ಗೇರ್‌ಬಾಕ್ಸ್ ಕೂಡ ತೊಂದರೆ ಕೊಡಲ್ಲ. ಮೊದ್ಲು ಒಂದು ವಿಷಯ ಖಚಿತ ಮಾಡ್ಕೊಳ್ಳಿ. 2016 ಅಕ್ಟೋಬರ್ ಕೊನೆಯಿಂದ 2019 ನವೆಂಬರ್ 1ರ ತನಕ ತಯಾರಾದ 7,213 ಆರ್‌ಎಸ್ ಗಾಡಿಗಳನ್ನ ಕಂಪನಿ 2023ರ ಏಪ್ರಿಲ್‌ನಲ್ಲಿ ವಾಪಸ್ ಕರೆದಿತ್ತು. ಬ್ರೇಕಿಗೆ ಸಹಾಯ ಮಾಡೋ ವ್ಯಾಕ್ಯೂಮ್ ಪಂಪ್‌ನಲ್ಲಿ ದೋಷ. ಅದು ಕೈ ಕೊಟ್ರೆ ಪೆಡಲ್ ಗಟ್ಟಿಯಾಗಿ ಇನ್ನೂ ಜೋರಾಗಿ ತುಳೀಬೇಕಾಗುತ್ತೆ. ನೀವು ನೋಡಿರೋ ಗಾಡಿ ಈ ಅವಧಿ ಒಳಗೇ ಬರುತ್ತೆ. ಶಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರ್‌ನಲ್ಲಿ ಪಂಪ್ ಬದಲಾಗಿದೆಯಾ ಕೇಳಿ, ಆಮೇಲೆ ರೇಟ್ ಮಾತಾಡಿ.

ಎಸ್‌ಐಟಿ ಬಡಾವಣೆ ರಾಯರು: ಈ ಎಲ್ಲಾ ಉಸಾಬರಿ ಯಾಕೆ? ಒಂದು ಸ್ವಿಫ್ಟ್ ತಗೊಂಡು ನೆಮ್ಮದಿಯಾಗಿರಿ. ನಮ್ಮದು 2009ರ ಗಾಡಿ, ಇನ್ನೂ ಕ್ಲಚ್ ಬದಲಾಯಿಸಿಲ್ಲ.

ಕುಣಿಗಲ್ ಅಬಾರ್ತ್: ರಾಯರೇ, ವಾರಕ್ಕೊಂದ್ಸಲ ಮಠಕ್ಕೆ ಹೋಗಿ ಬರೋ ಗಾಡಿಗೆ ಕ್ಲಚ್ ಯಾಕೆ ಸವೆಯುತ್ತೆ? ವಿಷಯ ಹಾಟ್ ಹ್ಯಾಚ್, ಅಂದ್ರೆ ಜೋರಾಗಿ ಓಡೋ ಸಣ್ಣ ಗಾಡಿ. ತಗೊಂಡ್ರೆ ಅಬಾರ್ತ್ ಪುಂಟೊ ತಗೋಬೇಕು. 1.4 ಟಿ-ಜೆಟ್, 145 ಪಿಎಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಪೋಲೊ ಜಿಟಿ 105 ಪಿಎಸ್ ಇಟ್ಕೊಂಡು ಹಾಟ್ ಅಂತೆ. ಉಗುರು ಬೆಚ್ಚಗೆ ಅನ್ನಿ.

ಇಮ್ರಾನ್, ಶಿರಾ: ಗುರು, ನಿಮ್ಮ ಅಬಾರ್ತ್‌ಗೆ ಬಂಪರ್ ಹೋದ್ರೆ ಎಲ್ಲಿಂದ ತರ್ತೀರಾ? ಫಿಯೆಟ್ ಕಂಪನಿನೇ ದೇಶದಲ್ಲಿ ಕಾರು ಮಾರೋದು ಬಿಟ್ಟಿದೆ.

ಕುಣಿಗಲ್ ಅಬಾರ್ತ್: ಸಾಮಾನ್ಯ ಪುಂಟೊ ಪಾರ್ಟ್ಸ್ ಎಷ್ಟೋ ಹಾಗೇ ಕೂರುತ್ತೆ. ಗೊತ್ತಿಲ್ದೆ ಮಾತಾಡ್ಬೇಡಿ.

ಶಿವಣ್ಣ: ಪ್ರವೀಣ, ನಾಳೆ ಅಡ್ವಾನ್ಸ್ ಕೊಡ್ಬೇಡಪ್ಪ. ನಿಧಾನಕ್ಕೆ ಓದು.

ನಿನ್ನ ಗಾಡೀಲಿರೋದು ಏಳು ಗೇರಿನ ಡಿಎಸ್‌ಜಿ ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಡಿಕ್ಯೂ 200 ಅಂತಾರೆ. ಒಳಗೆ ಎರಡು ಕ್ಲಚ್, ಎರಡೂ ಡ್ರೈ. ಅಂದ್ರೆ ಆಯಿಲ್‌ನಲ್ಲಿ ಮುಳುಗಿರಲ್ಲ, ಬಿಸಿಯಾದ್ರೆ ಗಾಳಿಯಿಂದಲೇ ತಣ್ಣಗಾಗ್ಬೇಕು. ಒಂದು ಕ್ಲಚ್ 1, 3, 5, 7ನೇ ಗೇರ್ ನೋಡ್ಕೊಳ್ಳುತ್ತೆ. ಇನ್ನೊಂದು 2, 4, 6 ಮತ್ತೆ ರಿವರ್ಸ್. ರಿವರ್ಸ್ ಮಾತ್ರ ಹೋಯ್ತು ಅಂತ ನೀನು ಅಂದ್ಕೊಂಡಿದೀಯ. ನನಗಿರೋ ಅನುಮಾನ ಸಮ ಸಂಖ್ಯೆ ಕಡೆ ಪೂರ್ತಿ ಕೈ ಬಿಟ್ಟಿತ್ತಾ ಅಂತ.

ಎಲ್ರೂ "ಕ್ಲಚ್ ಬಿಸಿ ಆಗಿದೆ" ಅಂತಾರೆ. ಆದ್ರೆ ನೆಲಮಂಗಲದಲ್ಲಿ ಬಿಸಿಯಾದ ಕ್ಲಚ್ ಅಲ್ಲಿಂದ ತುಮಕೂರಿಗೆ ಹೈವೇಲಿ ಬರೋದ್ರೊಳಗೆ ತಣ್ಣಗಾಗಿರ್ಬೇಕು, ಯಾಕಂದ್ರೆ ದಾರಿ ಪೂರ್ತಿ ಅದು ಗಟ್ಟಿ ಹಿಡ್ಕೊಂಡೇ ಇರುತ್ತೆ, ಉಜ್ಜಲ್ಲ. ಹಂಗಾಗಿ ಕ್ಲಚ್ ಒಂದರ ಮೇಲೇ ಗೂಬೆ ಕೂರಿಸೋಕಾಗಲ್ಲ. ನನಗೆ ಚಿಂತೆ ಇರೋದು ಮೆಕಟ್ರಾನಿಕ್ ಬಗ್ಗೆ. ಅದು ಗೇರ್‌ಬಾಕ್ಸ್‌ಗೆ ಬೋಲ್ಟ್ ಮಾಡಿರೋ ಡಬ್ಬಿ: ಒಳಗೆ ಕಂಪ್ಯೂಟರ್, ಹೈಡ್ರಾಲಿಕ್ ಪಂಪ್, ಒತ್ತಡ ಶೇಖರಿಸಿಡೋ ಅಕ್ಯುಮುಲೇಟರ್ ಎಲ್ಲ ಒಟ್ಟಿಗೆ. ಅಕ್ಯುಮುಲೇಟರ್ ಹತ್ರ ಬಿರುಕು ಬಿಟ್ರೆ ಒತ್ತಡ ನಿಲ್ಲಲ್ಲ, ಪಂಪ್ ಬಿಡುವಿಲ್ದೆ ಓಡಿ ಓಡಿ ಸಾಕಾಗಿ ನಿಂತ್ಬಿಡುತ್ತೆ. ಆಫ್ ಮಾಡಿ ಬಿಟ್ರೆ ಮತ್ತೆ ಏನೂ ಆಗೇ ಇಲ್ಲ ಅನ್ನೋ ಥರ ಬರುತ್ತೆ. ನೀನು ಹೇಳಿದ್ದು ಅದೇ ಲಕ್ಷಣ.

ಮೂರು ಉತ್ತರ ಕೊಡು. ವಾಪಸ್ ಬರ್ತಾ ಟೋಲ್‌ನಲ್ಲಿ ನಿಧಾನ ಆಗಿ ಹೊರಟಾಗ ಮೀಟರ್‌ನಲ್ಲಿ ಗೇರ್ 1ರಿಂದ ನೇರ 3ಕ್ಕೆ ಹಾರಿತ್ತಾ? ಸ್ಪ್ಯಾನರ್ ಗುರುತು ಅಥವಾ ಗೇರ್ ಅಕ್ಷರ ಮಿಣುಕ್ತಾ? ಬೆಳಿಗ್ಗೆ ಡ್ರೈವರ್ ಬಾಗಿಲು ತೆಗೆದಾಗ ಬಾನೆಟ್ ಕಡೆಯಿಂದ ಸಣ್ಣಗೆ "ಗುಂಯ್" ಅಂತ ಪಂಪ್ ಶಬ್ದ ಬಂತಾ? ಒಂದ್ಸಲ ಬಂದು ನಿಂತ್ರೆ ಸರಿ. ನಿಂತಿರೋ ಗಾಡೀಲಿ ಮತ್ತೆ ಮತ್ತೆ ಬರ್ತಿದ್ರೆ ಸೋರ್ತಿದೆ ಅಂತ ಲೆಕ್ಕ.

ರವಿ, ಗುಬ್ಬಿ: ಶಿವಣ್ಣ, ಇದು ನೋಡಿ, ನಮ್ಮ ಗುಂಪಲ್ಲಿ ಬಂದಿದ್ದು. "ಡಿಎಸ್‌ಜಿ ಜರ್ಕ್ ಹೊಡೀತಿದ್ರೆ ಬ್ಯಾಟರಿ ಟರ್ಮಿನಲ್ ಬಿಚ್ಚಿ ಒಂದು ರಾತ್ರಿ ಬಿಡಿ, ಗೇರ್‌ಬಾಕ್ಸ್ ಹೊಸದಾಗುತ್ತೆ. ತಪ್ಪದೇ ಶೇರ್ ಮಾಡಿ."

ಶಿವಣ್ಣ: ಹೊಸದಾಗಲ್ಲ.

ಚೇತನ್, ತಿಪಟೂರು: ಸರ್, ಮೈಲೇಜ್ ಬಿಡಿ. ನಂದು 2015ರ ಜಿಟಿ ಟಿಎಸ್‌ಐ ಈಗಾಗ್ಲೇ ಇದೆ. ಎರಡು ಪ್ರಶ್ನೆ. ಆಫ್ ಮಾಡಿದ್ಮೇಲೂ ಬಾನೆಟ್ ಒಳಗೆ ಏನೋ ತಿರುಗೋ ಶಬ್ದ. ಮತ್ತೆ ತಿಂಗಳಿಗೆ ಸ್ವಲ್ಪ ಸ್ವಲ್ಪ ಕೂಲಂಟ್ ಕಡಿಮೆ ಆಗ್ತಿದೆ, ಕೆಳಗೆ ಎಲ್ಲೂ ಬಿದ್ದಿರೋದು ಕಾಣಲ್ಲ.

ರವಿ, ಗುಬ್ಬಿ: ಚೇತನ್, ರೇಡಿಯೇಟರ್‌ಗೆ ಎರಡು ಚಮಚ ಅರಿಶಿನ ಹಾಕಿ. ಸೋರೋದು ನಿಲ್ಲುತ್ತೆ. ನಮ್ಮ ದೊಡ್ಡಪ್ಪ ಲಾರಿಗೆ ಹಾಕ್ತಿದ್ರು.

ಶಿವಣ್ಣ: ರವಿ, ನಿಮ್ಮ ದೊಡ್ಡಪ್ಪನ ಲಾರಿ ರೇಡಿಯೇಟರ್ ಪೈಪಲ್ಲಿ ನನ್ನ ಬೆರಳು ಹೋಗುತ್ತೆ. ಈ ಟರ್ಬೊಗೆ ಕೂಲಂಟ್ ಹೋಗೋ ಪೈಪು ಪೆನ್ಸಿಲ್ ಗಾತ್ರ. ಅರಿಶಿನ ಹೋಗಿ ತೂತನ್ನ ಹುಡುಕಿ ಮುಚ್ಚಲ್ಲ, ಎಲ್ಲಿ ಇಕ್ಕಟ್ಟೋ ಅಲ್ಲೆಲ್ಲ ಮುದ್ದೆಗಟ್ಟುತ್ತೆ. ಹೀಟರ್ ಕೋರ್ ಕಟ್ಟುತ್ತೆ, ಟರ್ಬೊ ಒಣಗುತ್ತೆ. ಅರಿಶಿನ ಸಾರಿಗೆ ಹಾಕಿ.

ಚೇತನ್, ಶಬ್ದಕ್ಕೆ ಹೆದರ್ಬೇಡಿ. ಅದು ಎಲೆಕ್ಟ್ರಿಕ್ ಕೂಲಂಟ್ ಪಂಪು, ಆಫ್ ಮಾಡಿದ್ಮೇಲೂ ಟರ್ಬೊ ತಣ್ಣಗೆ ಮಾಡೋಕೆ ಸ್ವಲ್ಪ ಹೊತ್ತು ಓಡುತ್ತೆ. ಕೂಲಂಟ್ ವಿಷಯ ಬೇರೆ. ಥರ್ಮೋಸ್ಟಾಟ್ ಹೌಸಿಂಗ್ ಪ್ಲಾಸ್ಟಿಕ್‌ದು, ಹಳೇದಾದ್ಮೇಲೆ ಬಿಸಿಗೆ ಸೊಟ್ಟಗಾಗಿ ಹನೀತದೆ. ಬಿಸಿ ಎಂಜಿನ್ ಮೇಲೆ ಬಿದ್ದು ಆವಿಯಾಗಿ ಹೋಗುತ್ತೆ, ನೆಲದ ಮೇಲೆ ಕಾಣಲ್ಲ. ಗುಲಾಬಿ ಬಣ್ಣದ ಒಣಗಿದ ಪುಡಿ ಕಂಡ್ರೆ ಅದೇ ಜಾಗ. ಮೇಲಿಂದ ನಲ್ಲಿ ನೀರು ಸುರೀಬೇಡಿ, ಪೆಟ್ರೋಲ್ ಬಂಕಿನ ಹಸಿರು ಕೂಲಂಟೂ ಬೆರೆಸ್ಬೇಡಿ.

ಪ್ರವೀಣ, ಬಟವಾಡಿ: ಅಣ್ಣ, ಪಂಪ್ ಶಬ್ದ ಗಮನಿಸಿರ್ಲಿಲ್ಲ. ಆದ್ರೆ ಟೋಲ್ ದಾಟಿ ಹೊರಟಾಗ ಗಾಡಿ ಮುಗ್ಗರಿಸ್ತು ನಿಜ. ಡ್ಯಾಶ್‌ಕ್ಯಾಮ್ ವಿಡಿಯೋ ಈಗ ನೋಡ್ದೆ, ಮೀಟರ್ ಕಾಣಲ್ಲ, ಆದ್ರೆ ಎಂಜಿನ್ ಶಬ್ದ ಒಂದೇ ಸಲ ಕೆಳಗಿಳಿಯುತ್ತೆ. ಸ್ಪ್ಯಾನರ್ ಗುರುತು ರ‍್ಯಾಂಪ್ ಮೇಲೆ ಮಿಣುಕ್ತಿತ್ತು. ಸರ್ವಿಸ್ ಲೈಟ್ ಅಂದ್ಕೊಂಡಿದ್ದೆ.

ಶಿವಣ್ಣ: ಸರ್ವಿಸ್ ಲೈಟ್ ಅಲ್ಲಪ್ಪ. ಬ್ಯಾಟರಿಯೂ ಅಲ್ಲ. ಬ್ಯಾಟರಿ ವೀಕ್ ಇದ್ರೆ ಬೆಳಿಗ್ಗೆ ತಣ್ಣಗಿದ್ದಾಗ ತೊಂದರೆ ಕೊಡ್ಬೇಕಿತ್ತು, ಹೈವೇಲಿ ಅಷ್ಟು ದೂರ ಚಾರ್ಜ್ ಆಗಿ ಬಂದ್ಮೇಲೆ ಅಲ್ಲ.

ಗಾಡಿ ಎರಡು ಸಲ ಸ್ಕ್ಯಾನ್ ಆಗ್ಬೇಕು, ಅಂದ್ರೆ ಮೆಷಿನ್ ಸಿಗಿಸಿ ಅದರ ಕಂಪ್ಯೂಟರ್‌ನಲ್ಲಿರೋ ದೋಷದ ಕೋಡ್ ಓದ್ಬೇಕು. ಒಂದು ತಣ್ಣಗಿದ್ದಾಗ, ಇನ್ನೊಂದು ನೀನು ಓಡಿಸಿದ ಹಾಗೇ ಟ್ರಾಫಿಕ್‌ನಲ್ಲಿ ಓಡಿಸಿ ಬಂದ್ಮೇಲೆ. ಮಾರೋಕೆ ಮುಂಚೆ ಕೋಡ್ ಅಳಿಸಿ ಇಟ್ಟಿರ್ತಾರೆ, ತಣ್ಣಗೆ ನೋಡಿದ್ರೆ ಎಲ್ಲಾ ಶುದ್ಧವಾಗಿ ಕಾಣುತ್ತೆ. ಪಿ 17 ಬಿಎಫ್ ಅನ್ನೋ ಕೋಡ್ ಬಂದ್ರೆ ಹೈಡ್ರಾಲಿಕ್ ಪಂಪಿಂದು, ಅಲ್ಲಿಗೆ ಮಾತು ಮುಗೀತು. ಬರದೇ ಇದ್ರೆ ಕ್ಲಚ್ ಸವೆತದ ಲೆಕ್ಕ ನೋಡ್ತೀನಿ, ಎರಡೂ ಕ್ಲಚ್‌ದು ಬೇರೆ ಬೇರೆ ಬರುತ್ತೆ. ಮೆಕಟ್ರಾನಿಕ್ ಹೊಸದು ಹಾಕಿಸಿದ್ರೆ ಲಕ್ಷ ದಾಟುತ್ತೆ. ಬರೀ ಅಕ್ಯುಮುಲೇಟರ್ ರಿಪೇರಿ ಮಾಡೋರು ಬೆಂಗಳೂರಲ್ಲಿದಾರೆ, ಕಡಿಮೆಗೆ ಆಗುತ್ತೆ, ಕೆಲವು ಬಾಳಿಕೆ ಬಂದಿವೆ, ಕೆಲವು ವಾಪಸ್ ಬಂದಿವೆ.

ಇನ್ನೊಂದು. 2013ರಲ್ಲಿ ಇದೇ ಗೇರ್‌ಬಾಕ್ಸ್‌ಗೆ ಕಂಪನಿ ವಿದೇಶದಲ್ಲಿ ದೊಡ್ಡ ರೀಕಾಲ್ ಮಾಡಿ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಹಾಕ್ತು. ಬಿಸಿಲು, ತೇವ, ಟ್ರಾಫಿಕ್ ಇರೋ ಕಡೆ ವಿದ್ಯುತ್ ಶಾರ್ಟ್ ಆಗ್ತಿತ್ತು ಅಂತ. ಅದಕ್ಕೇ "ಡಿಎಸ್‌ಜಿಗೆ ದುಬಾರಿ ಸಿಂಥೆಟಿಕ್ ಹಾಕಿಸಿದೀನಿ" ಅಂತ ಯಾರಾದ್ರೂ ಜಂಬ ಕೊಚ್ಚಿದ್ರೆ ನಾನು ಆ ಗಾಡಿ ಮುಟ್ಟಲ್ಲ.

ಕೊನೆಗೆ ನಿನ್ನ ದಾರಿ. ದಾಬಸ್‌ಪೇಟೆ ತನಕ ಈ ಗಾಡಿಗೆ ಸ್ವರ್ಗ. ನೆಲಮಂಗಲದಿಂದ ಪೀಣ್ಯ ತನಕ, ಅದೂ ಎಂಟನೇ ಮೈಲಿ ಹತ್ರ, ಡ್ರೈ ಕ್ಲಚ್‌ಗೆ ನರಕ. ದಿನಾ ಎರಡು ಸಲ. ದುಡ್ಡು ಸೇರಿಸೋಕಾದ್ರೆ 2020ರಿಂದ ಈಚೆ ಬಂದ 1.0 ಟಿಎಸ್‌ಐ ನೋಡು. 110 ಪಿಎಸ್, ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್, ಡ್ರೈ ಕ್ಲಚ್ ಇಲ್ಲ. ತೆವಳಿದ್ರೂ ಬೇಜಾರು ಮಾಡ್ಕೊಳ್ಳಲ್ಲ. 2022ರಲ್ಲಿ ಇಲ್ಲಿ ಪೋಲೊನೇ ನಿಂತೋಯ್ತು, ಅದಕ್ಕೇ ಅದಿನ್ನೂ ರೇಟ್ ಇಳಿದಿಲ್ಲ.

ಎಸ್‌ಐಟಿ ಬಡಾವಣೆ ರಾಯರು: ನಾನು ಮೊದಲೇ ಹೇಳಿದೆ. ಸ್ವಿಫ್ಟ್.

ಕುಣಿಗಲ್ ಅಬಾರ್ತ್: ಅಬಾರ್ತ್‌ನಲ್ಲಿ ಡಿಎಸ್‌ಜಿ ಗೋಳೇ ಇಲ್ಲ. ಮ್ಯಾನ್ಯುಯಲ್. ಗಂಡಸರ ಗಾಡಿ.

ಸುಮಾ, ಶೆಟ್ಟಿಹಳ್ಳಿ: ನಾನು ಕೇಳಿದ್ದೂ ಮ್ಯಾನ್ಯುಯಲ್ಲೇ. ಈ ಗಂಡಸರ ಗಾಡಿ ಅನ್ನೋದು ಆರ್‌ಸಿಲಿ ಎಲ್ಲಿ ಬರ್ದಿರುತ್ತೆ?

ಇಮ್ರಾನ್, ಶಿರಾ: 😂 ಅವ್ರ ಅಬಾರ್ತ್ ಹಂಪ್ ದಾಟುವಾಗ ಅಡ್ಡಡ್ಡ ಹೋಗೋದು ನಾನೇ ನೋಡಿದೀನಿ. ಗಂಡಸ್ತನ ಅಲ್ಲೇ ಗೊತ್ತಾಗುತ್ತೆ.

ಕುಣಿಗಲ್ ಅಬಾರ್ತ್: ನಿನ್ನ ಹತ್ರ ಏನಿದೆ ತೋರ್ಸು ಮೊದ್ಲು. ಬಸ್ ಪಾಸಾ?

ಅಡ್ಮಿನ್: ವೈಯಕ್ತಿಕ ಬೇಡ. ಇಬ್ರಿಗೂ ಹೇಳ್ತಿರೋದು.

ರವಿ, ಗುಬ್ಬಿ: ಶಿವಣ್ಣ, ದೇವರಾಯನದುರ್ಗ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದ್ರೆ ಪೆಟ್ರೋಲ್ ಉಳಿಯುತ್ತೆ ಅಂತ ವಿಡಿಯೋ ಬಂದಿದೆ. ಹಾಕ್ಲಾ?

ಶಿವಣ್ಣ: ಹಾಕ್ಬೇಡ್ರಿ, ವಿಡಿಯೋನೂ ಬೇಡ, ನ್ಯೂಟ್ರಲ್ಲೂ ಬೇಡ. ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿದ್ರೆ ಇಂಜೆಕ್ಟರ್ ಪೆಟ್ರೋಲ್ ಬಿಡೋದನ್ನೇ ನಿಲ್ಸುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದ ಹಾಗೆ ನೋಡ್ಕೊಳ್ಳೋಕೆ ಕುಡೀತಾನೇ ಇರುತ್ತೆ. ಮೇಲಾಗಿ ಎಲ್ಲಾ ಭಾರ ಬ್ರೇಕಿನ ಮೇಲೆ. ಆ ತಿರುವಲ್ಲಿ ಬ್ರೇಕ್ ಕಾದು ಹಿಡೀದೇ ಇದ್ರೆ ವಿಡಿಯೋ ಮಾಡಿದವನು ಬಂದು ನಿಲ್ಸಲ್ಲ.

ಇಮ್ರಾನ್, ಶಿರಾ: ಭಾಯ್, ಡೆಲ್ಲಿ ನಂಬರ್ ಪೋಲೊ ಜಿಟಿ ಟಿಡಿಐ ತುಂಬಾ ಕಡಿಮೆಗೆ ಸಿಗ್ತಿದೆ. ತರ್ಲಾ?

ಶಿವಣ್ಣ: ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸೋಕೆ ಕಷ್ಟ ಅಂತ ಈ ಕಡೆ ತಳ್ತಾರೆ. ಅಲ್ಲಿನ ಎನ್‌ಒಸಿ, ಫಾರಂ 28, ಕೈಗೆ ಬರದೇ ದುಡ್ಡು ಬಿಚ್ಬೇಡಿ. ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸ್ಬೇಕು. ಅದನ್ನ ಕೂಡಿಸಿ ಆಮೇಲೆ "ಕಡಿಮೆ" ಅನ್ನಿ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಇಲ್ದಿದ್ರೆ ಅದೂ ನಿಮ್ಮ ಖರ್ಚೇ.

ಚೇತನ್, ತಿಪಟೂರು: ಸರ್, 20% ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಹಾಕಿದ್ರೆ ನಮ್ಮ ಹಳೆ ಟಿಎಸ್‌ಐಗೆ ಏನಾದ್ರೂ ಆಗುತ್ತಾ? ಮತ್ತೆ ಪವರ್ ಜಾಸ್ತಿ ಮಾಡೋಕೆ ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಾಯಿಸೋ ಸ್ಟೇಜ್ 1 ರೀಮ್ಯಾಪ್ ಮಾಡಿಸ್ಬಹುದಾ?

ರವಿ, ಗುಬ್ಬಿ: ಚೇತನ್, ಟ್ಯಾಂಕಿಗೆ ಎರಡು ನುಸಿ ಗುಳಿಗೆ ಹಾಕಿ, ಎಥನಾಲ್ ಸರಿಹೋಗುತ್ತಂತೆ.

ಶಿವಣ್ಣ: ರವಿ, ನಿಮಗೆ ಕೈ ಮುಗೀತೀನಿ. ನುಸಿ ಗುಳಿಗೆ ಬೀರುವಿಗೆ. ಟ್ಯಾಂಕಿಗೆ ಹಾಕಿದ್ರೆ ಕರಗಿ, ಆಮೇಲೆ ಗಟ್ಟಿಯಾಗಿ, ಇಂಜೆಕ್ಟರ್‌ನಲ್ಲಿ ಕೂರುತ್ತೆ. ಟಿಎಸ್‌ಐ ಇಂಜೆಕ್ಟರ್ ಸಿಲಿಂಡರ್ ಒಳಗೇ ನೇರ ಚಿಮ್ಮೋದು, ಒಂದೊಂದರ ರೇಟ್ ಕೇಳಿ ನೋಡಿ, ಆಮೇಲೆ ಗುಳಿಗೆ ಫಾರ್ವರ್ಡ್ ಮಾಡಿ.

ಚೇತನ್, ಎಥನಾಲ್‌ನಲ್ಲಿ ಲೀಟರ್ ಲೆಕ್ಕದಲ್ಲಿ ಶಕ್ತಿ ಕಡಿಮೆ, ಮೈಲೇಜ್ ಸ್ವಲ್ಪ ಇಳಿಯುತ್ತೆ. 2023ಕ್ಕಿಂತ ಹಳೆ ಎಷ್ಟೋ ಗಾಡಿಗಳ ರಬ್ಬರ್ ಇ20ಗೆ ಅಂತ ಮಾಡಿದ್ದಲ್ಲ. ಫ್ಯುಯೆಲ್ ಪೈಪ್, ಸೀಲ್ ಸರ್ವಿಸ್‌ನಲ್ಲಿ ನೋಡಿಸ್ತಿರಿ, ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸ್ಬೇಡಿ. ದಿನಾ ಓಡೋ ಗಾಡಿಗೆ ಅಷ್ಟು ಹೆದರಿಕೆ ಬೇಡ.

ಚೇತನ್, ತಿಪಟೂರು: ರೀಮ್ಯಾಪ್ ಸರ್?

ಎಸ್‌ಐಟಿ ಬಡಾವಣೆ ರಾಯರು: ಅಡ್ಮಿನ್ ಅವರೇ, ಹಿರಿಯರು ಒಂದು ಒಳ್ಳೆ ಸಲಹೆ ಕೊಟ್ಟರೆ ಮಠದ ಹೆಸರು ತಂದು ಗೇಲಿ ಮಾಡಿದ್ದಾರೆ. ಕುಣಿಗಲ್‌ನವರು ಕ್ಷಮೆ ಕೇಳಬೇಕು.

ಕುಣಿಗಲ್ ಅಬಾರ್ತ್: ಮಠದ ಬಗ್ಗೆ ಏನೂ ಅಂದಿಲ್ಲ ಸ್ವಾಮಿ. ನಿಮ್ಮ ಸ್ವಿಫ್ಟ್ ಬಗ್ಗೆ ಅಂದೆ. ಅದಕ್ಕೆ ಕ್ಷಮೆ ಕೇಳಲ್ಲ.

ಎಸ್‌ಐಟಿ ಬಡಾವಣೆ ರಾಯರು ಗುಂಪಿನಿಂದ ಹೊರಹೋದರು.

ಅಡ್ಮಿನ್: ಖುಷಿನಾ ಈಗ?

ರವಿ, ಗುಬ್ಬಿ: ಶಿವಣ್ಣ, ಬಲೆನೊ ಆರ್‌ಎಸ್ ಮೈಲೇಜ್ ಎಷ್ಟು?

ಪ್ರವೀಣ, ಬಟವಾಡಿ: ಅಣ್ಣ, ಮಾರೋರಿಗೆ ಫೋನ್ ಮಾಡ್ದೆ. ಕೋಡ್, ಸ್ಕ್ಯಾನ್ ಅಂದ ತಕ್ಷಣ 40 ಸಾವಿರ ಕಡಿಮೆ ಮಾಡ್ತೀನಿ ಅಂದ್ರು. ಇನ್ನೊಂದು ಪಾರ್ಟಿ ನಾಳೆ ಬರುತ್ತಂತೆ.

ಶಿವಣ್ಣ: ಬರ್ಲಿ ಬಿಡು. ನೀನು ಬಾಯಿ ಬಿಡೋದ್ರೊಳಗೆ 40 ಸಾವಿರ ಇಳಿಸ್ತಾರೆ ಅಂದ್ರೆ ಅವ್ರಿಗೆ ಕಾಯಿಲೆ ಹೆಸರು ಗೊತ್ತಿದೆ. ಬಿಸಿ ಸ್ಕ್ಯಾನ್‌ಗೆ ಒಪ್ತಾರಾ?

ಪ್ರವೀಣ, ಬಟವಾಡಿ: ಒಪ್ಪಿದ್ರು, ಆದ್ರೆ ಐದು ಸಾವಿರ ಟೋಕನ್ ಮೊದ್ಲು ಕೊಡಿ ಅಂತಾರೆ.

ಶಿವಣ್ಣ: ಒಂದು ರೂಪಾಯಿ ಕೊಡ್ಬೇಡ. ಮಂಗಳವಾರ ಗ್ಯಾರೇಜ್ ರಜ, ಬುಧವಾರ ಬೆಳಿಗ್ಗೆ ಎಂಟಕ್ಕೆ ಬಾ. ರಾತ್ರಿಯೆಲ್ಲ ನಿಂತಿರ್ಬೇಕು ಗಾಡಿ, ಬಟವಾಡಿಯಿಂದ ನೇರ ಬಂದ್ರೆ ಸಾಕು. ಮೊದ್ಲು ಸ್ಕ್ಯಾನ್, ಆಮೇಲೆ ನಾನೇ ನೆಲಮಂಗಲದ ತನಕ ಓಡಿಸ್ತೀನಿ. ಮಾರೋರನ್ನೂ ಕರ್ಕೊಂಡು ಬಾ. ಆರ್‌ಸಿ ಒರಿಜಿನಲ್ ತರ್ಲಿ, ಲೋನ್ ಇತ್ತು ಅಂದ್ರೆ ಬ್ಯಾಂಕ್ ಎನ್‌ಒಸಿ, ಸಾಲ ತೀರಿದ್ದಕ್ಕೆ ಕೊಡೋ ಫಾರಂ 35 ಕೂಡ. ಮೊಬೈಲಲ್ಲಿ ಫೋಟೋ ತೋರಿಸಿದ್ರೆ ನಾನು ಬಾನೆಟ್ ತೆಗೆಯಲ್ಲ.