ಗೋಡೆಯೇ ಉಳಿಯದ ಕಟ್ಟಡದ ಎತ್ತರ ಹೇಳುವುದು ಹೇಗೆ? ಒಂದು ಎಟ್ರಸ್ಕನ್ ಉತ್ಖನನದ ಬಗ್ಗೆ ಚರ್ಚೆ

ಸಿವಿಲ್ ಎಂಜಿನಿಯರ್, ಹಾಸನ
ಇಟಲಿಯ ಸಿಯೆನಾ ನಗರದ ದಕ್ಷಿಣಕ್ಕೆ, ಮುರ್ಲೊ ಊರಿನ ಬಳಿ ಪೊಜ್ಜೊ ಚಿವಿತಾತೆ ಎಂಬ ಗುಡ್ಡವಿದೆ. 1966ರಲ್ಲಿ ಅಲ್ಲಿ ಅಗೆತ ಆರಂಭವಾಗಿ, ರೋಮನ್ನರ ಏಳಿಗೆಗೂ ಮುನ್ನ ಮಧ್ಯ ಇಟಲಿಯಲ್ಲಿ ಬಾಳಿದ ಎಟ್ರಸ್ಕನ್ನರ ದೊಡ್ಡ ಕಟ್ಟಡವೊಂದು ಸಿಕ್ಕಿತು. ಕ್ರಿ.ಪೂ. ಆರನೆಯ ಶತಮಾನದ್ದು, ಬದಿಗೆ ಸುಮಾರು 60 ಮೀಟರ್, ನಡುವೆ ಅಂಗಳ, ಸುತ್ತ ನಾಲ್ಕು ಸಾಲು ಕೋಣೆಗಳು. ಆದರೆ ಉಳಿದಿರುವುದು ಕಲ್ಲಿನ ತಳಪಾಯ ಮತ್ತು ಒಡೆದ ಹೆಂಚಿನ ರಾಶಿ. ಇಷ್ಟರಿಂದಲೇ ಛಾವಣಿ, ಕಂಬ, ಗೋಡೆ ಎಲ್ಲವನ್ನೂ ಬಿಡಿಸಿದ ಚಿತ್ರ ನೋಡಿದೆ. ತಳಪಾಯ ನೋಡಿ ನಾನು ಭಾರವನ್ನು ಅಂದಾಜು ಮಾಡಬಲ್ಲೆ, ಎತ್ತರವನ್ನಲ್ಲ. ಆ ಚಿತ್ರವನ್ನು ಎಷ್ಟು ನಂಬಬೇಕು?

ಪುರಾತತ್ತ್ವ ವಿದ್ಯಾರ್ಥಿನಿ, ಧಾರವಾಡ
ಸರ್, ಆ ಹೆಂಚಿನ ರಾಶಿಯೇ ಕಟ್ಟಡ. ಎಟ್ರಸ್ಕನ್ ಛಾವಣಿಯಲ್ಲಿ ಅಂಚು ಎತ್ತರಿಸಿದ ಅಗಲವಾದ ಚಪ್ಪಟೆ ಹೆಂಚು, ಎರಡರ ಸಂದಿಯನ್ನು ಮುಚ್ಚುವ ಕಮಾನು ಹೆಂಚು, ನೆತ್ತಿಗೆ ಬೇರೆ, ಸೂರಿನ ತುದಿಗೆ ಬೇರೆ. ನೆತ್ತಿಯ ಹೆಂಚಿನ ಬಾಗು ಇಳಿಜಾರಿನ ಸುಳಿವು ಕೊಡುತ್ತದೆ. ಯಾವ ತುಂಡು ಎಲ್ಲಿ ಬಿದ್ದಿತ್ತು ಎಂದು ಗುರುತು ಹಾಕಿಕೊಂಡರೆ ಸೂರು ಎಲ್ಲಿತ್ತು, ನೆತ್ತಿ ಯಾವ ದಿಕ್ಕಿಗೆ ಓಡಿತ್ತು ಎಂಬುದೂ ತಿಳಿಯುತ್ತದೆ. ಬೇಜಾರಿನ ಕೆಲಸ ಎನ್ನುವವರಿದ್ದಾರೆ. ನನಗೆ ಅದಕ್ಕಿಂತ ರೋಚಕವಾದದ್ದು ಇಲ್ಲ.

ಹೆಂಚಿನ ಮನೆಯವನು, ತೀರ್ಥಹಳ್ಳಿ
ಗೋಡೆ ಉಳಿಯದಿರುವುದು ನನಗೆ ಅಚ್ಚರಿ ಎನಿಸುವುದಿಲ್ಲ. ನಮ್ಮ ಅಜ್ಜನ ಮನೆಯ ಹೆಂಚು ಇಳಿಸಿದ ಮೇಲೆ ಮಣ್ಣಿನ ಗೋಡೆ ಎರಡು ಮಳೆಗಾಲ ತಡೆಯಲಿಲ್ಲ. ಈಗ ಅಲ್ಲಿರುವುದು ಪಂಚಾಂಗದ ಕಲ್ಲು ಮತ್ತು ಹೆಂಚಿನ ಚೂರು ಮಾತ್ರ. ಮಣ್ಣಿನ ಗೋಡೆಯಾಗಿದ್ದರೆ ಸೂರು ಹೊರಕ್ಕೆ ಚೆನ್ನಾಗಿ ಚಾಚಿರಲೇಬೇಕು, ಇಲ್ಲದಿದ್ದರೆ ಇರಿಚಲು ಹೊಡೆದು ಬುಡ ಕರಗುತ್ತದೆ. ಇಂಥ ಮಾತನ್ನು ಯಾವ ಕಲ್ಲೂ ಹೇಳುವುದಿಲ್ಲ, ಮಳೆ ಹೇಳುತ್ತದೆ.

ಸಿವಿಲ್ ಎಂಜಿನಿಯರ್, ಹಾಸನ
ಇಳಿಜಾರು, ಸೂರು ಎರಡನ್ನೂ ಒಪ್ಪಿದೆ. ಎತ್ತರದ ಪ್ರಶ್ನೆ ಹಾಗೆಯೇ ಉಳಿಯಿತು. ಮರದ ಕಂಬ ಕೊಳೆತುಹೋಗಿದೆ. ಕೆಳಗಿನ ಕಲ್ಲು ಕಂಬಗಳ ನಡುವಿನ ಅಂತರವನ್ನಷ್ಟೇ ಹೇಳುತ್ತದೆ.

ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು
ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಟಸ್ಕನ್, ಅಂದರೆ ಎಟ್ರಸ್ಕನ್ ಶೈಲಿಯ ದೇವಾಲಯದ ಲೆಕ್ಕ ಬರೆದಿಟ್ಟಿದ್ದಾನೆ: ಕಂಬದ ಎತ್ತರ ಬುಡದ ವ್ಯಾಸದ ಏಳು ಪಟ್ಟು. ಅದನ್ನು ಏಕೆ ಬಳಸಬಾರದು?

ಪುರಾತತ್ತ್ವ ವಿದ್ಯಾರ್ಥಿನಿ, ಧಾರವಾಡ
ಗುರುಗಳೇ, ಅವನು ಬರೆದದ್ದು ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ, ಈ ಕಟ್ಟಡ ಬಿದ್ದು ಐನೂರು ವರ್ಷಗಳಾದ ಮೇಲೆ, ಅದೂ ದೇವಾಲಯದ ಬಗ್ಗೆ. ಇದು ದೇವಾಲಯವೇ ಎಂಬುದೇ ತೀರ್ಮಾನವಾಗಿಲ್ಲ. ಮೊದಲು ಅಗೆದ ಕೈಲ್ ಫಿಲಿಪ್ಸ್ ಇದನ್ನು ಎಟ್ರಸ್ಕನ್ ಊರುಗಳ ಒಕ್ಕೂಟದ ಸಭಾಸ್ಥಾನ ಎಂದರು, ಆಳುವ ಮನೆತನದ ಅರಮನೆ ಎನ್ನುವವರು ಅನೇಕರಿದ್ದಾರೆ. ಬೇರೆ ಕಾಲದ ಅಳತೆಗೋಲು ಹಿಡಿದರೆ ನಮಗೆ ಬೇಕಾದ ಉತ್ತರವೇ ಬರುತ್ತದೆ.

ಅದಕ್ಕಿಂತ ವಿಟೆರ್ಬೊ ಬಳಿಯ ಅಕ್ವಾರೊಸ್ಸಾ ನೋಡುವುದು ಒಳ್ಳೆಯದು. 1966ರಿಂದ 1978ರವರೆಗೆ ಸ್ವೀಡನ್ನಿನ ತಂಡ ಅಗೆದ ಎಟ್ರಸ್ಕನ್ ಊರು, ಹೆಚ್ಚುಕಡಿಮೆ ಇದೇ ಕಾಲದ್ದು. ಅಲ್ಲಿ ಟಫ್ ಎಂಬ ಮೆದು ಜ್ವಾಲಾಮುಖಿ ಕಲ್ಲಿನ ಗೋಡೆ, ಹಸಿ ಇಟ್ಟಿಗೆ, ಮಣ್ಣು ಮೆತ್ತಿದ ತಡಿಕೆ ಗೋಡೆ ಎಲ್ಲವೂ ಇದ್ದವು.

ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು
ಕಾಲದ ಅಂತರವನ್ನು ಒಪ್ಪುತ್ತೇನೆ. ಆದರೆ ಬಡಗಿಗಳ ಲೆಕ್ಕ ಅಪ್ಪನಿಂದ ಮಗನಿಗೆ ದಾಟುವಂಥದ್ದು, ಅಷ್ಟು ಬೇಗ ಅಳಿಯುವುದಿಲ್ಲ. ವಿಟ್ರೂವಿಯಸನನ್ನು ಸಾಕ್ಷಿಗಳ ಪಟ್ಟಿಯಿಂದ ಹೊರಹಾಕಲು ನಾನು ಸಿದ್ಧನಿಲ್ಲ.

ಹೆಂಚಿನ ಮನೆಯವನು, ತೀರ್ಥಹಳ್ಳಿ
ಇದೇ ಗುಡ್ಡದಲ್ಲಿ ಹೆಂಚಿನ ಮೇಲೆ ಕಾಲಿನ ಗುರುತು ಸಿಕ್ಕಿತ್ತಂತೆ, ನಿಜವೇ?

ಪುರಾತತ್ತ್ವ ವಿದ್ಯಾರ್ಥಿನಿ, ಧಾರವಾಡ
ನಿಜ. ಈ ಕಟ್ಟಡಕ್ಕಿಂತ ಹಿಂದೆ ಅಲ್ಲಿ ಬೇರೆ ಕಟ್ಟಡಗಳಿದ್ದವು, ಕ್ರಿ.ಪೂ. 600ರ ಸುಮಾರಿಗೆ ಸುಟ್ಟುಹೋದವು. ಅವುಗಳಲ್ಲೊಂದು ಸುಮಾರು 50 ಮೀಟರ್ ಉದ್ದದ, ಬದಿ ತೆರೆದ ಕಾರ್ಯಾಗಾರ. ನೆಲದ ಮೇಲೆ ಹಸಿ ಹೆಂಚುಗಳನ್ನು ಒಣಗಲು ಹರಡಿದ್ದರು. ಬೆಂಕಿ ಬಿದ್ದಾಗ ಜನ ಅವುಗಳ ಮೇಲೆಯೇ ತುಳಿದು ಓಡಿದ್ದಾರೆ, ಆ ಬೆಂಕಿಯೇ ಹೆಜ್ಜೆಗಳನ್ನು ಸುಟ್ಟು ಗಟ್ಟಿ ಮಾಡಿದೆ. ಹೆಂಚು ಹೊರಗಿನಿಂದ ಬಂದದ್ದಲ್ಲ, ಅಲ್ಲೇ ತಟ್ಟಿದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಿವಿಲ್ ಎಂಜಿನಿಯರ್, ಹಾಸನ
ಓದಿ ಮೈ ಜುಮ್ಮೆಂದಿತು. ಹಾಗಿದ್ದರೆ ಮೇಲಿನ ತಳಪಾಯ ತೆಗೆದು ಕೆಳಗಿನದನ್ನು ಪೂರ್ತಿ ಅಗೆಯಬಾರದೇಕೆ?

ಪುರಾತತ್ತ್ವ ವಿದ್ಯಾರ್ಥಿನಿ, ಧಾರವಾಡ
ತೆಗೆದ ಪದರವನ್ನು ಮತ್ತೆ ಕೂಡಿಸಲಾಗದು ಸರ್. 1966ರಲ್ಲಿ ಇಲ್ಲದ ಪರೀಕ್ಷೆಗಳು ಇಂದು ಇವೆ. ನಮ್ಮಲ್ಲಿಲ್ಲದವು ಮುಂದಿನವರ ಕೈಯಲ್ಲಿರುತ್ತವೆ. ಅವರಿಗೆ ಒಂದಿಷ್ಟು ಮುಟ್ಟದ ಮಣ್ಣು ಬಿಡಬೇಕು.

ಸಿವಿಲ್ ಎಂಜಿನಿಯರ್, ಹಾಸನ
ಸರಿ, ಬಿಡಿ. ಆದರೆ ಚಿತ್ರ ಬರೆಯುವವರಿಗೆ ನನ್ನದೊಂದು ಬೇಡಿಕೆ: ನೆಲದಲ್ಲಿ ಸಿಕ್ಕಿದ್ದಕ್ಕೆ ಗಟ್ಟಿ ಗೆರೆ, ಊಹಿಸಿದ್ದಕ್ಕೆ ಚುಕ್ಕಿ ಗೆರೆ. ನಾನು ನೋಡಿದ ಚಿತ್ರದಲ್ಲಿ ಎಲ್ಲವೂ ಗಟ್ಟಿ ಗೆರೆಯೇ ಆಗಿತ್ತು.