ಕೆಳಗಿನ ಮನೆಯವರು ದಿನಾ ಸದ್ದಿನ ದೂರು ಹೇಳ್ತಾರೆ, ಬಾಡಿಗೆಗೆ ಇರುವವರು ಏನು ಮಾಡೋದು?

ಕೇಳಿದವರು: ವಾಕಡ್, ಪುಣೆ

ನಾವು ದಾವಣಗೆರೆ ಕಡೆಯವರು. ವಾಕಡ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿ (ಅಪಾರ್ಟ್‌ಮೆಂಟ್ ಸಂಘ) ಆರನೇ ಮಹಡಿಯ ಫ್ಲಾಟಿನಲ್ಲಿ ಬಾಡಿಗೆಗಿದ್ದೇವೆ. ನಾನು, ನಮ್ಮನೆಯವರು, ಮೂರು ವರ್ಷದ ಮಗ, ಅತ್ತೆ. ಕೆಳಗಿನ ಫ್ಲಾಟಿನಲ್ಲಿ ವಯಸ್ಸಾದ ಕಾಕಾ, ಕಾಕೂ ಇದ್ದಾರೆ. ಅದು ಅವರ ಸ್ವಂತ ಮನೆ. ನಾವು ಬಂದಾಗಿನಿಂದ ಇಂಟರ್‌ಕಾಮ್ ಮಾಡಿ "ಆವಾಜ್ ಕಮೀ ಕರಾ", ಸದ್ದು ಕಡಿಮೆ ಮಾಡಿ, ಅನ್ನುತ್ತಾರೆ. ಹೋದ ವಾರ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಫ್ಲಾಟ್ ನಂಬರ್ ಹಾಕಿಯೇ ಬರೆದರು. ಮರುದಿನವೇ ಓನರ್ ಫೋನ್. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಅಗ್ರಿಮೆಂಟ್ ರಿನ್ಯೂ ಮಾಡೋದು ಕಷ್ಟ ಅಂದರು.

ನಾವು ಪಾರ್ಟಿ ಮಾಡುವವರಲ್ಲ. ಟಿವಿ ಸದ್ದೂ ಕಡಿಮೆ. ಮಗು ಓಡಾಡುತ್ತೆ, ಬೆಳಿಗ್ಗೆ ಚಟ್ನಿಗೆ ಮಿಕ್ಸರ್, ವಾರಕ್ಕೊಮ್ಮೆ ದೋಸೆ ಹಿಟ್ಟಿಗೆ ಗ್ರೈಂಡರ್. ಇಷ್ಟೇ. ನನ್ನ ಮರಾಠಿ ಅಷ್ಟಕ್ಕಷ್ಟೆ. ಅನುಭವ ಇದ್ದವರು ಹೇಳಿ.

ಕೋಥ್ರೂಡ್‌ನಿಂದ

ಅಕ್ಕ, ಸದ್ಯಕ್ಕೆ ಸಾರಿ ಕೇಳುವುದೂ ಬೇಡ, ಜಗಳವೂ ಬೇಡ. ಕೆಳಗೆ ಹೋಗಿ ಅವರ ಮನೆಯಲ್ಲಿ ಹತ್ತು ನಿಮಿಷ ಕೂತು ಕೇಳಿ. ಯಾವ ಸದ್ದು ಅಂತ ಗೊತ್ತಾಗದೆ ಏನು ಮಾಡಿದರೂ ದಂಡ.

ನಮ್ಮ ಕೆಳಗೆ ಒಬ್ಬರು ಆಜಿ ಇದ್ದರು. ದಿನಾ ಬೆಳಿಗ್ಗೆ "ಠಕ್ ಠಕ್ ಹೋತಂಯ್" ಅಂತ ಗೋಳು. ಒಂದು ಭಾನುವಾರ ನಾನು ಅವರ ಮನೆಯಲ್ಲಿ ನಿಂತೆ. ಫೋನ್ ಹಚ್ಚಿಟ್ಟುಕೊಂಡು ನನ್ನ ಹೆಂಡತಿ ಮೇಲೆ ಒಂದೊಂದೇ ಸದ್ದು ಮಾಡುತ್ತಾ ಹೋದಳು. ಮಿಕ್ಸರ್ ಹಾಕಿದಳು, ಕೆಳಗೆ ಸಣ್ಣಗೆ ಗುಂಯ್ ಅಂತಿತ್ತು. ಟಿವಿ ಹಚ್ಚಿದಳು, ಏನೂ ಇಲ್ಲ. ಊಟದ ಟೇಬಲ್ಲಿನ ಕುರ್ಚಿ ಎಳೆದಳು, ನಮ್ಮ ತಲೆ ಮೇಲೇ ಎಳೆದಂತಾಯಿತು. ಆಮೇಲೆ ಚಹಾಕ್ಕೆ ಶುಂಠಿ ಕುಟ್ಟಿದಳು. ಆಜಿ ತಟ್ಟನೆ ಕೈ ಎತ್ತಿ "ಹೇಚ್! ಹೇಚ್ ತೇ!", ಇದೇ ಅದು, ಅಂದುಬಿಟ್ಟರು. ಗ್ರಾನೈಟ್ ಕಟ್ಟೆ, ಅದರ ಮೇಲೆ ಕಬ್ಬಿಣದ ಕುಟ್ಟಾಣಿ, ಬೆಳಿಗ್ಗೆ ಆರು ಗಂಟೆ. ಆ ಕಟ್ಟೆ ಸಿಕ್ಕಿಸಿದ ಗೋಡೆಯೇ ಕೆಳಗೆ ಆಜಿ ಮಂಚದ ತಲೆದಿಂಬಿನ ಹತ್ತಿರ ಇಳಿಯುತ್ತೆ.

ಯಾಕೆ ಹೀಗೆ ಅಂದರೆ, ಗಾಳಿಯಲ್ಲಿ ಹೋಗುವ ಸದ್ದನ್ನು ಕಾಂಕ್ರೀಟ್ ಸ್ಲ್ಯಾಬ್ ಚೆನ್ನಾಗಿಯೇ ತಡೆಯುತ್ತೆ. ಮಾತು, ಟಿವಿ, ಮಿಕ್ಸರ್ ಇವೆಲ್ಲ ಹಾಗೆ. ಆದರೆ ಸ್ಲ್ಯಾಬಿಗೇ ಪೆಟ್ಟು ಬಿದ್ದರೆ ಅದೇ ಡೋಲಿನ ಚರ್ಮ. ನಮ್ಮ ಫ್ಲಾಟುಗಳಲ್ಲಿ ಸ್ಲ್ಯಾಬ್ ಮೇಲೆ ಸಿಮೆಂಟು, ಅದರ ಮೇಲೆ ಟೈಲ್ಸ್. ನಡುವೆ ಮೆತ್ತಗಿನದು ಏನೂ ಇರೋದಿಲ್ಲ. ಹಿಮ್ಮಡಿ ಊರಿ ನಡೆಯುವುದು, ಕುರ್ಚಿ ಎಳೆಯುವುದು, ಮಗು ಸೋಫಾದಿಂದ ಜಿಗಿಯುವುದು, ಲಟ್ಟಣಿಗೆ ಕುಟ್ಟುವುದು ಎಲ್ಲ ನೇರ ಕೆಳಗೆ. ಮೇಲಿನವರಿಗೆ ಅದು ಸದ್ದು ಅಂತಲೇ ಅನ್ನಿಸೋದಿಲ್ಲ. ಹಾಗಾಗಿ ಕಿಟಕಿ ಮುಚ್ಚಿ, ಟಿವಿ ಕಡಿಮೆ ಮಾಡಿ ಪ್ರಯೋಜನ ಇಲ್ಲ. ಪೆಟ್ಟು ಬೀಳುವ ಜಾಗದಲ್ಲಿ ಮೆತ್ತಗೆ ಏನಾದರೂ ಬೇಕು.

ಕುಟ್ಟಾಣಿ ಕೆಳಗೆ ಹಳೆ ಟರ್ಕಿ ಟವೆಲ್ ನಾಲ್ಕು ಮಡಿಕೆ ಹಾಕಿದೆವು. ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿದೆವು. ಮಗುವಿಗೆ ಆಟಕ್ಕೆ ಫೋಮ್ ಮ್ಯಾಟ್ ಹಾಸಿ, ಒಂದಕ್ಕೊಂದು ಸಿಕ್ಕಿಸುವಂಥದ್ದು ಬರುತ್ತಲ್ಲ, ಅದು. ದಪ್ಪ ಇರುವುದನ್ನೇ ತಗೊಳ್ಳಿ. ನವಲಗುಂದದ ಜಮಖಾನೆ ಹಾಸಿ ಸಾಕು ಅಂದುಕೊಳ್ಳಬೇಡಿ. ನೋಡಲು ಚಂದ, ಪೆಟ್ಟು ತಡೆಯಲು ಬಲು ತೆಳು. ಗ್ರೈಂಡರನ್ನು ಕಟ್ಟೆ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ನೆಲದ ಮೇಲೆ, ದಪ್ಪ ರಬ್ಬರ್ ಹಾಸಿ, ಗೋಡೆಯಿಂದ ದೂರ ಇಡಿ. ವಾಷಿಂಗ್ ಮೆಷಿನ್ ಇದ್ದರೆ ನಾಲ್ಕೂ ಕಾಲು ನೆಲಕ್ಕೆ ಕೂತಿವೆಯಾ ನೋಡಿ. ಒಂದು ಕಾಲು ತೇಲುತ್ತಿದ್ದರೆ ಸ್ಪಿನ್ ಹೊತ್ತಿನಲ್ಲಿ ಇಡೀ ಮೆಷಿನ್ ಕುಣಿಯುತ್ತೆ.

ಮರಾಠಿಗೆ ಇಷ್ಟು ಸಾಕು: "ಕಾಕಾ, ನಕ್ಕಿ ಕೋಣತಾ ಆವಾಜ್ ತ್ರಾಸ್ ದೇತೋ? ಕಧೀ ಯೇತೋ?" ಯಾವ ಸದ್ದು, ಯಾವಾಗ. ಉತ್ತರ ಅರ್ಥ ಆಗದಿದ್ದರೂ ಅವರು ಮಾಡಿಯೇ ತೋರಿಸುತ್ತಾರೆ.

ಮುಲುಂಡ್, ಮುಂಬೈನಿಂದ

ನಾನು ನಮ್ಮ ಸೊಸೈಟಿಯಲ್ಲಿ ಕೆಲವು ವರ್ಷ ಸೆಕ್ರೆಟರಿ ಆಗಿದ್ದವನು. ಇಂಥ ಪತ್ರಗಳ ಫೈಲೇ ಇತ್ತು. ಕಾಗದದ ಕಡೆಯಿಂದ ಹೇಳುತ್ತೇನೆ.

ಸೊಸೈಟಿಗೆ ಸದಸ್ಯ ಅಂದರೆ ಓನರ್. ಬಾಡಿಗೆಯವರು ಹೆಚ್ಚೆಂದರೆ ನಾಮಮಾತ್ರ ಸದಸ್ಯರು. ಕಮಿಟಿ ನೋಟಿಸ್ ಕೊಟ್ಟರೆ ಅದು ಹೋಗುವುದು ಓನರ್‌ಗೆ. ಓನರ್ ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇದ್ದರೆ ಆ ಒಂದು ಕಡೆಯ ಮಾತಷ್ಟೇ ಅವರ ಕಿವಿಗೆ ಬೀಳುತ್ತೆ. ಆದ್ದರಿಂದ ಓನರ್‌ಗೆ ಇವತ್ತೇ ಒಂದು ಇಮೇಲ್ ಹಾಕಿ. ಏನು ದೂರು ಬಂತು, ನೀವು ಏನು ಮಾಡಿದಿರಿ, ಫೋಮ್ ಮ್ಯಾಟ್ ಹಾಸಿದ ಫೋಟೋ. ನಾಲ್ಕೇ ಸಾಲು. ರಿನ್ಯೂ ಹೊತ್ತಿಗೆ ಈ ಇಮೇಲ್ ಕೆಲಸಕ್ಕೆ ಬರುತ್ತೆ.

ಗ್ರೂಪಿನಲ್ಲಿ ಉತ್ತರ ಬರೆಯಬೇಡಿ. ಅಲ್ಲಿ ಬರೆದದ್ದನ್ನು ಇಡೀ ಬಿಲ್ಡಿಂಗ್ ಓದುತ್ತೆ, ಕಾಕಾಗೆ ಹಿಂದೆ ಸರಿಯಲು ಮುಖ ಉಳಿಯೋದಿಲ್ಲ. ಕಮಿಟಿಗೆ ಮಾತ್ರ ಬರೆಯಿರಿ: ದೂರನ್ನು ಬರಹದಲ್ಲಿ ಕೊಡಿಸಿ, ದಿನ, ಹೊತ್ತು, ಎಂಥ ಸದ್ದು ಅಂತ ನಮೂದಿಸಲಿ. ಅರ್ಧ ದೂರುಗಳು ಇಲ್ಲೇ ತಣ್ಣಗಾಗುತ್ತವೆ, ಉಳಿದರ್ಧ ಸ್ಪಷ್ಟ ಆಗುತ್ತವೆ. ಎರಡೂ ಒಳ್ಳೆಯದೇ.

ಪೊಲೀಸ್ ಅಂತ ಹೆದರಿಸಿದರೆ? ಮುಂಬೈ, ಪುಣೆ ಕಡೆ "ಎನ್‌ಸಿ ಮಾಡ್ತೀನಿ" ಅನ್ನುವುದು ದಿನದ ಮಾತು. ಅಂದರೆ ಠಾಣೆಯಲ್ಲಿ ಅಸಂಜ್ಞೇಯ (ನಾನ್-ಕಾಗ್ನಿಜಬಲ್) ದೂರು, ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯಲಾಗದ ಸಣ್ಣ ತಕರಾರಿನದ್ದು, ಬರೆಸುವುದು. 2024ರ ಜುಲೈ 1ರಿಂದ ಇದು ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮಿನಲ್ಲಿ ಬರುತ್ತೆ. ಮೊದಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಸಿಆರ್‌ಪಿಸಿಯ 155 ಆಗಿತ್ತು. ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ಇದರ ತನಿಖೆ ನಡೆಸುವಂತಿಲ್ಲ. ಒಮ್ಮೆ ಕರೆದು ಇಬ್ಬರಿಗೂ ಬುದ್ಧಿ ಹೇಳಬಹುದು. ಗಾಬರಿ ಬೇಡ.

2000ದ ಶಬ್ದ ಮಾಲಿನ್ಯ ನಿಯಮಗಳ ಮಾತು ಯಾರಾದರೂ ಎತ್ತುತ್ತಾರೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಆದರೆ ಅದು ಆ ಪ್ರದೇಶದ ಒಟ್ಟು ಸದ್ದಿನ ಅಳತೆ. ಲೌಡ್‌ಸ್ಪೀಕರ್, ಮ್ಯೂಸಿಕ್ ಸಿಸ್ಟಮ್, ಹಾರ್ನ್, ಪಟಾಕಿ ಇಂಥವಕ್ಕೆ ಬರೆದದ್ದು. ಮೂರು ವರ್ಷದ ಮಗುವಿನ ಕಾಲಿಗೆ ಅಲ್ಲ. ಫೋನಿನ ಆ್ಯಪ್‌ನಲ್ಲಿ ಅಳೆದು ಸ್ಕ್ರೀನ್‌ಶಾಟ್ ಕಳಿಸುವವರಿದ್ದಾರೆ. ಓದಿ ಸುಮ್ನಿರಿ. ಆದರೂ ಹತ್ತು ಗಂಟೆಯ ಗೆರೆಯನ್ನು ನೀವು ಮಾತ್ರ ದಾಟಬೇಡಿ. ಹತ್ತರ ನಂತರ ಗ್ರೈಂಡರ್ ತಿರುಗಿದರೆ ನಿಮ್ಮ ಕಡೆ ಯಾರೂ ಮಾತಾಡೋದಿಲ್ಲ.

ಅಗ್ರಿಮೆಂಟ್ ತೆಗೆದು ಓದಿ. ಲಾಕ್-ಇನ್, ಅಂದರೆ ಮನೆ ಬಿಡುವಂತಿಲ್ಲದ ಅವಧಿ, ಎಷ್ಟು ತಿಂಗಳು, ನೋಟಿಸ್ ಎಷ್ಟು, ನೆರೆಹೊರೆಗೆ ತೊಂದರೆ ಕೊಡಬಾರದು ಅನ್ನುವ ಸಾಲು ಹೇಗಿದೆ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್, ಅಂದರೆ ಇಲ್ಲಿನ ಬಾಡಿಗೆ ಅಗ್ರಿಮೆಂಟ್, ನೋಂದಣಿ ಆಗಲೇಬೇಕು. ಅದನ್ನು ಮಾಡಿಸುವ ಹೊಣೆ ಓನರದ್ದು. ನೋಂದಣಿ ಆಗಿಲ್ಲದಿದ್ದರೆ, ಕರಾರು ಏನಿತ್ತು ಅನ್ನುವುದರಲ್ಲಿ ಬಾಡಿಗೆಯವರ ಮಾತಿಗೇ ತೂಕ, ಬೇರೆ ಸಾಬೀತಾಗುವ ತನಕ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಇನ್ನೊಂದು. "ನೀವು ಬಾಡಿಗೆಯವರು" ಅಂತ ಯಾರಾದರೂ ಮೂಗು ಮುರಿದರೆ ನೆನಪಿರಲಿ. ಫ್ಲಾಟ್ ಬಾಡಿಗೆಗೆ ಕೊಟ್ಟದ್ದಕ್ಕೆ ಸೊಸೈಟಿ ಓನರ್‌ನಿಂದ ನಾನ್-ಆಕ್ಯುಪೆನ್ಸಿ ಚಾರ್ಜ್ ಅಂತ ಬೇರೆ ವಸೂಲಿ ಮಾಡಬಹುದು, ಸರ್ವಿಸ್ ಚಾರ್ಜಿನ 10 ಪರ್ಸೆಂಟ್ ತನಕ. ಪುಕ್ಕಟೆ ಯಾರೂ ಇಲ್ಲ.

ಡೊಂಬಿವಲಿಯಿಂದ

ನಾನು ಕೆಳಗಿನ ಮನೆಯವಳು. ನನ್ನ ಮಾತೂ ಕೇಳಿ.

ನಮ್ಮ ಮೇಲಿನವರ ಮನೆಯಲ್ಲೂ ಚಿಕ್ಕ ಮಗು. ಸದ್ದಿಗಿಂತ ಜಾಸ್ತಿ ತಲೆ ಕೆಡಿಸಿದ್ದು ಯಾವಾಗ ಶುರು ಆಗುತ್ತೋ, ಯಾವಾಗ ನಿಲ್ಲುತ್ತೋ ಗೊತ್ತಿಲ್ಲದ್ದು. ಒಂದು ದಿನ ಆ ಮಗುವಿನ ತಾಯಿ ತಾನೇ ಇಳಿದು ಬಂದು "ಕಾಕೂ, ಭಾನುವಾರ ಹನ್ನೊಂದಕ್ಕೆ ಗ್ರೈಂಡರ್ ಹಾಕ್ತೀನಿ, ಮುಕ್ಕಾಲು ಗಂಟೆ" ಅಂದಳು. ಅದೇ ಗ್ರೈಂಡರ್, ಅದೇ ಸದ್ದು. ಆವತ್ತಿನಿಂದ ನನಗೆ ಅದು ಕೇಳಿಸಿದರೂ ಕಿರಿಕಿರಿ ಇಲ್ಲ. ಆ ಹೊತ್ತಿಗೆ ನಾನೂ ತರಕಾರಿ ತರಲು ಹೋಗಿಬಿಡುತ್ತೇನೆ.

ವಯಸ್ಸಾದವರಿಗೆ ಬೆಳಿಗ್ಗೆ ಬೇಗ ಎಚ್ಚರ, ಮಧ್ಯಾಹ್ನ ನಿದ್ದೆ. ಅದರಲ್ಲೂ ಪುಣೆಯವರ ಒಂದರಿಂದ ನಾಲ್ಕರ ನಿದ್ದೆ ಊರಿಗೇ ಗೊತ್ತು, ಅಂಗಡಿಯನ್ನೇ ಮುಚ್ಚಿ ಮಲಗುವವರು. ಆ ಹೊತ್ತಿನಲ್ಲಿ ಮಗುವನ್ನು ಅವರ ಬೆಡ್‌ರೂಮಿನ ಮೇಲೆ ಬಿಡಬೇಡಿ, ಹಾಲಿನಲ್ಲಿ ಆಡಲಿ. ಇಷ್ಟು ಮಾಡಿದರೆ ಅವರಿಗೂ ಹೇಳಿ ಮಾಡಿ. ಹೇಳದೆ ಮಾಡಿದ ಉಪಕಾರ ಯಾರಿಗೂ ಕಾಣೋದಿಲ್ಲ.

ವಿಮಾನ್ ನಗರದಿಂದ

ಸದ್ದು ನಿಮ್ಮದೇ ಅಂತ ಒಪ್ಪಿಕೊಳ್ಳುವ ಮುಂಚೆ ನೋಡಿ. ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಒಬ್ಬರು ಪುಣೇರಿ ಪಾಟಿ (ಪುಣೆಯವರ ಕೊಂಕು ಮಾತಿನ ಬೋರ್ಡು) ಧಾಟಿಯಲ್ಲಿ ಚೀಟಿ ಅಂಟಿಸಿದ್ದರು: "ಮೇಲಿನ ಮಹಡಿಯಲ್ಲಿ ಕುದುರೆ ಸಾಕಿದವರು ದಯವಿಟ್ಟು ಲಾಳ ತೆಗೆಸಬೇಕು." ಗುರಿ ನಾವೇ. ಮಜಾ ಏನೆಂದರೆ ನಾವು ಆ ವಾರ ಹುಬ್ಬಳ್ಳಿಯಲ್ಲಿದ್ದೆವು, ಮನೆಗೆ ಬೀಗ. ಗೇಟಿನ ಸೆಕ್ಯುರಿಟಿ ರಿಜಿಸ್ಟರಿನಲ್ಲಿ ಹೋದದ್ದು, ಬಂದದ್ದು ಎರಡೂ ಇತ್ತು. ಕಮಿಟಿಯವರಿಗೆ ಅದನ್ನೇ ತೋರಿಸಿದೆವು.

ಆಮೇಲೆ ಪ್ಲಂಬರ್ ಡಕ್ಟಿಗೆ, ಪೈಪುಗಳು ಹೋಗುವ ಸಂದಿಗೆ, ಇಳಿದು ನೋಡಿದ. ಮೇಲಿನ ಟ್ಯಾಂಕಿನಿಂದ ಬರುವ ಪೈಪಿನ ಕ್ಲಾಂಪ್ ಸಡಿಲ ಆಗಿತ್ತು. ಯಾರಾದರೂ ನಲ್ಲಿ ತಟ್ಟನೆ ಮುಚ್ಚಿದಾಗಲೆಲ್ಲ ಪೈಪ್ ಗೋಡೆಗೆ ಬಡಿಯುತ್ತಿತ್ತು. ರಾತ್ರಿ ಮೇಲೆ ಗೋಲಿ ಉರುಳಿದ ಹಾಗೆ ಕೇಳಿಸುತ್ತೆ ಅಂತ ಎಷ್ಟು ಜನ ಹೇಳ್ತಾರೆ ಅಲ್ವಾ? ಪೈಪಿನ ನೀರಿನಿಂದಲೂ ಹಾಗೆ ಆಗುತ್ತೆ. ಕಾಂಕ್ರೀಟಿನಲ್ಲಿ ಸದ್ದು ಎಲ್ಲಿಂದಲೋ ಹೊರಟು ಎಲ್ಲೋ ಏಳುತ್ತೆ. ಪಕ್ಕದ ಫ್ಲಾಟಿನದ್ದು, ಎರಡು ಮಹಡಿ ಮೇಲಿನದ್ದು ಕೂಡ ನೇರ ತಲೆ ಮೇಲೆ ಅನ್ನಿಸಬಹುದು.

ಖಾರಘರ್, ನವಿ ಮುಂಬೈನಿಂದ

ಎಲ್ಲರೂ ಒಳ್ಳೆ ಮಾತು ಹೇಳಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಕೆಲವರಿಗೆ ಸದ್ದು ನೆಪ ಅಷ್ಟೇ. ಬಾಡಿಗೆಯವರೇ ಬೇಡ, ಅಥವಾ ಮಕ್ಕಳೇ ಬೇಡ. ನಾವು ಮ್ಯಾಟ್ ಹಾಸಿದೆವು, ಹಬ್ಬಕ್ಕೆ ಹೋಳಿಗೆ ಕೊಟ್ಟೆವು, ಕಾಲಿಗೆ ಸಾಕ್ಸ್ ಹಾಕಿಕೊಂಡು ಓಡಾಡಿದೆವು. ದೂರು ನಿಲ್ಲಲಿಲ್ಲ. ಮಗು ಬಿದ್ದರೆ ಅದಕ್ಕೆ ಪೆಟ್ಟಾಯಿತಾ ಅಂತ ನೋಡುವ ಮೊದಲು ಇಂಟರ್‌ಕಾಮ್ ಕಡೆ ನೋಡುವ ಹಾಗಾಯಿತು. ಅಲ್ಲಿಗೆ ಸಾಕು ಅಂತ ಹೊರಟೆವು.

ಬಿಡುವುದಾದರೆ ಲೆಕ್ಕ ಹಾಕಿ ಬಿಡಿ. ಬ್ರೋಕರ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಖರ್ಚು, ಹೊಸ ಅಗ್ರಿಮೆಂಟಿನ ಖರ್ಚು, ಲಾಕ್-ಇನ್ ಮುಗಿಯದಿದ್ದರೆ ಅದರ ದಂಡ. ಮುಂದಿನ ಮನೆ ಹುಡುಕುವಾಗ ಪಾರ್ಕಿಂಗ್ ಮೇಲಿನ ಮೊದಲನೇ ಮಹಡಿ ಕೇಳಿ. ಇಲ್ಲಿ ಬಹಳ ಬಿಲ್ಡಿಂಗುಗಳಲ್ಲಿ ಕೆಳಗೆ ಬರೀ ಕಾರುಗಳು. ಸೊಳ್ಳೆ ಇರುತ್ತೆ, ಹೊಗೆ ಇರುತ್ತೆ, ನೋಟ ಏನೂ ಇಲ್ಲ. ಆದರೆ ನಮ್ಮ ಮಗಳು ಈಗ ಸ್ಕಿಪ್ಪಿಂಗ್ ಆಡ್ತಾಳೆ, ಕೇಳುವವರಿಲ್ಲ.

ಕೇಳಿದವರು: ವಾಕಡ್, ಪುಣೆ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಸಂಜೆ ನಾವಿಬ್ಬರೂ ಕೆಳಗೆ ಹೋದೆವು. ಕಾಕಾ ಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಕಾಕೂ ಒಳಗೆ ಕರೆದು ಕೂರಿಸಿದರು. ಎರಡು ಸದ್ದು ಹೇಳಿದರು. ಒಂದು ಬೆಳಗಿನ ಜಾವ ಐದಕ್ಕೆ ಬರುವ ಗುಡುಗುಡು. ಆ ಹೊತ್ತಿಗೆ ನಮ್ಮನೆಯಲ್ಲಿ ಎಲ್ಲರೂ ಮಲಗಿರುತ್ತೇವೆ, ಸೆಕ್ರೆಟರಿಗೆ ಪಂಪ್, ಪೈಪ್ ನೋಡಿಸಲು ಬರೆದಿದ್ದೇವೆ. ಇನ್ನೊಂದು ರಾತ್ರಿ ಹತ್ತೂವರೆಯದ್ದು, ಅದು ನಮ್ಮದೇ. ಅತ್ತೆ ಮಲಗುವ ಕಬ್ಬಿಣದ ಮಡಚುವ ಮಂಚ. ದಿನಾ ರಾತ್ರಿ ಹಾಲಿಗೆ ಎಳೆದು ಬಿಚ್ಚುತ್ತೇವೆ. ಮಿಕ್ಸರ್, ಗ್ರೈಂಡರ್ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಮಗುವಿನ ಬಗ್ಗೆ "ಲಹಾನ್ ಆಹೇ, ಚಾಲೇಲ್", ಚಿಕ್ಕವನು, ನಡೆಯುತ್ತೆ, ಅಂದರು. ಗ್ರೂಪಿನಲ್ಲಿ ಹಾಕಿದ್ದನ್ನು ಮಾತ್ರ ಇನ್ನೂ ತೆಗೆದಿಲ್ಲ.

ಮಂಚದ ಕಾಲು ಪೈಪಿನದ್ದು, ಫೆಲ್ಟ್ ಅಂಟಿಸಿದರೆ ಎರಡೇ ದಿನಕ್ಕೆ ಕಿತ್ತು ಬರುತ್ತೆ. ಏನು ಮಾಡೋದು?

ಕೋಥ್ರೂಡ್‌ನಿಂದ

ಊರುಗೋಲಿನ ತುದಿಗೆ ಹಾಕುವ ರಬ್ಬರ್ ಬುಷ್ ತಗೊಳ್ಳಿ. ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಬೇರೆ ಬೇರೆ ಅಳತೆಯಲ್ಲಿ ಸಿಗುತ್ತೆ. ಪೈಪಿನ ಸುತ್ತ ದಾರ ಸುತ್ತಿ ಅಳತೆ ಹಿಡಿದುಕೊಂಡು ಹೋಗಿ, ಸ್ವಲ್ಪ ಬಿಗಿ ಇರುವುದನ್ನೇ ಆರಿಸಿ. ಹಾಕುವಾಗ ಬುಷ್‌ನ್ನು ಬಿಸಿನೀರಿನಲ್ಲಿ ಅದ್ದಿದರೆ ಸಲೀಸಾಗಿ ಏರುತ್ತೆ. ಹಾಕಿದ ಮೇಲೂ ಎಳೆಯಬೇಡಿ, ಇಬ್ಬರು ಎತ್ತಿಡಿ.