ಅಪ್ಪ ಕಲಬುರಗಿಯ ಬ್ರಹ್ಮಪುರದ ಮನೆ ಬಿಡಬೇಕಾ?

ತಂಗಿ: (ಲೇಖನವೊಂದರ ಲಿಂಕ್) ಅಂಗಡಿ, ಗುಡಿ, ದವಾಖಾನೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ವಯಸ್ಸಾದವರು ಜಾಸ್ತಿ ಓಡಾಡುತ್ತಾರಂತೆ. ಅಣ್ಣಾ, ಮನೆ ಮಾರಿ ಅಪ್ಪನನ್ನು ಫ್ಲ್ಯಾಟಿಗೆ ಕಳಿಸುವ ಮುಂಚೆ ಇದನ್ನು ಓದು.

ಅಣ್ಣ: ಓದಿದೆ. ಆದರೆ ಕಾಲು ಗಟ್ಟಿ ಇರುವವರೇ ಬಜಾರಿನ ಹತ್ತಿರ ಉಳಿಯುತ್ತಾರೆ. ಕಾಲು ಸೋತವರು ಮಕ್ಕಳ ಮನೆ ಸೇರುತ್ತಾರೆ. ಆ ಕಾರಣಕ್ಕೂ ಲೆಕ್ಕ ಹೀಗೆ ಬರಬಹುದು ಅಲ್ವಾ? ರಿಂಗ್ ರೋಡಿನ ಆಚೆಯ ಫ್ಲ್ಯಾಟಿನಲ್ಲಿ ಲಿಫ್ಟ್ ಇದೆ, ಒಳಗೇ ವಾಕಿಂಗ್ ಮಾಡಲು ಜಾಗ ಇದೆ. ಕಿರಾಣಿ ಫೋನ್ ಮಾಡಿದರೆ ಬರುತ್ತದೆ.

ತಂಗಿ: ಲೆಕ್ಕದ ಮಾತು ಒಪ್ಪಿದೆ. ನಮ್ಮ ಅಪ್ಪನನ್ನು ನೋಡು. ಹೋದ ವರ್ಷ ಮೂರು ತಿಂಗಳು ಬೆಂಗಳೂರಿನಲ್ಲಿ ನಿಮ್ಮ ಮನೆಯಲ್ಲಿದ್ದರು. ಅಲ್ಲೂ ವಾಕಿಂಗ್ ಜಾಗ ಇತ್ತು. ಎಷ್ಟು ದಿನ ಕೆಳಗೆ ಇಳಿದರು? ಇಲ್ಲಿ ಬೆಳಿಗ್ಗೆ ಹಾಲು, ಆಮೇಲೆ ಶರಣಬಸವೇಶ್ವರ ಗುಡಿ, ಸಂಜೆ ತರಕಾರಿ. ಸುಮ್ನೆ ನಡೆಯಿರಿ ಅಂದರೆ ಏಳುವುದಿಲ್ಲ. ಕೊತ್ತಂಬರಿ ಮುಗಿದಿದೆ ಅಂದರೆ ಚೀಲ ಹಿಡಿದು ಹೊರಟೇ ಬಿಡುತ್ತಾರೆ.

ವೈನಿ: 65 ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 20 ನಿಮಿಷದ ಮೇಲೆ ಸ್ವಲ್ಪ. ಜೊತೆಗೆ ವಾರಕ್ಕೆ 3 ದಿನ ತೋಲ ತಪ್ಪದ ಹಾಗೆ, ಕಾಲಿಗೆ ಬಲ ಬರುವ ಹಾಗೆ ವ್ಯಾಯಾಮವೂ ಬೇಕಂತೆ. ಮಾವನವರು ಬೀಳಬಾರದು ನೋಡಿ.

ಅಣ್ಣ: ನನಗೆ ಹೆದರಿಕೆ ಇರುವುದೇ ಅದು. ಆ ಗಲ್ಲಿಯಲ್ಲಿ ಫುಟ್‌ಪಾತ್ ಇಲ್ಲ. ಗಟಾರ ಬಾಯಿ ತೆರೆದಿದೆ. ಮೇ ತಿಂಗಳಲ್ಲಿ ಎಷ್ಟೋ ದಿನ 42 ಡಿಗ್ರಿ ದಾಟುತ್ತದೆ. ಅಂಗಡಿ ಹತ್ತಿರ ಇದ್ದು ದಾರಿ ಕೆಟ್ಟದ್ದಿದ್ದರೆ ಏನು ಬಂತು?

ಕಾಕಾ: ನಾನೂ ಹೇಳುತ್ತೇನೆ. ನನಗೆ 71. ಸೂಪರ್ ಮಾರ್ಕೆಟ್ ಬಜಾರಿನ ಕಡೆಯ ಮನೆ ಬಿಟ್ಟು ಮಗನ ಲೇಔಟಿಗೆ ಬಂದು ನಾಲ್ಕು ವರ್ಷ. ಮನೆ ಚೆಂದ ಇದೆ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೆ ಬಿಪಿ ಗುಳಿಗೆ ಮುಗಿದರೆ ಮಗ ಬರುವ ತನಕ ಕಾಯಬೇಕು. ಮೊದಲು ಮನೆ ಬಿಟ್ಟರೆ ನಾಲ್ಕು ಮಂದಿ ನಿಂತು ಮಾತಾಡಿಸುತ್ತಿದ್ದರು. ಈಗ ಇಡೀ ದಿನ ಟಿವಿ. ಈ ಮಳೆಗಾಲದಿಂದ ಗೋಡೆ ಹಿಡಿದು ನಡೆಯುತ್ತಿದ್ದೇನೆ. ನಿಮ್ಮ ಅಪ್ಪನನ್ನು ಕೇಳಿದಿರಾ?

ಅಣ್ಣ: ಇಲ್ಲ ಕಾಕಾ. ಫ್ಲ್ಯಾಟಿನ ಅಡ್ವಾನ್ಸ್ ಸದ್ಯ ಕೊಡುವುದಿಲ್ಲ. ದೀಪಾವಳಿಗೆ ಬರುತ್ತೇನೆ, ಅಪ್ಪನ ಜೊತೆ ಗುಡಿ ತನಕ ನಡೆಯುತ್ತೇನೆ.

ತಂಗಿ: ಬಾ. ಬಚ್ಚಲಲ್ಲಿ ಹಿಡಿಕೆ ನಾನು ಹಾಕಿಸುತ್ತೇನೆ. ಗಟಾರದ ಮೇಲೆ ಶಹಾಬಾದ್ ಕಲ್ಲಿನ ಫರಸಿ ಹಾಕಬೇಕು ಅಂತ ಓಣಿಯವರೆಲ್ಲ ಸೇರಿ ಅರ್ಜಿ ಬರೆಯುತ್ತಿದ್ದೇವೆ.

ವೈನಿ: ಅರ್ಜಿ ಇಲ್ಲಿ ಹಾಕಿ, ಓದಿ ಕೊಡುತ್ತೇನೆ.